ದೊಡ್ಡ ಫೈಲು ಫೋನಿಗೆ ಹೋಗದೆ ಅರ್ಧದಲ್ಲಿ ನಿಂತರೆ: ನಿಂತ ಜಾಗದಿಂದ ದೋಷ ಹಿಡಿಯುವುದು

ಇಡೀ ರಾತ್ರಿಯ ಬಯಲಾಟವನ್ನು ಫುಲ್ ಎಚ್‌ಡಿಯಲ್ಲಿ, ಸೆಕೆಂಡಿಗೆ 8 ಮೆಗಾಬಿಟ್ ದರದಲ್ಲಿ ಇಟ್ಟುಕೊಂಡರೆ ಗಂಟೆಗೆ 3.6 ಜಿಬಿ ಆಗುತ್ತದೆ. ಎಂಟು ಗಂಟೆಯ ಆಟಕ್ಕೆ 28.8 ಜಿಬಿ. ವಿಂಡೋಸ್ ಇದನ್ನೇ 26.8 ಎಂದು ತೋರಿಸುತ್ತದೆ. ಏನೂ ಕಳೆದುಹೋಗಿಲ್ಲ, ಅದರ ಸೇರು ಸ್ವಲ್ಪ ದೊಡ್ಡದು, ಅಷ್ಟೆ. ತಾಳಮದ್ದಳೆಯ ಧ್ವನಿ ಮಾತ್ರವಾದರೆ 128 ಕಿಲೋಬಿಟ್‌ನಲ್ಲಿ ಎಂಟು ಗಂಟೆಗೆ 460 ಎಂಬಿ ಸಾಕು. ಅದು ಯಾವ ಹರಕು ವಯರಿನಲ್ಲೂ ಹೇಗೋ ಹೋಗಿಬಿಡುತ್ತದೆ. ತಕರಾರು ಶುರುವಾಗುವುದು ಆಟ, ಬ್ರಹ್ಮಕಲಶ, ಮದುವೆ ಇವುಗಳ ಜೋಡಿಸಿದ ವಿಡಿಯೋ ಬಂದಾಗ. ಕಾಸರಗೋಡು ಕಡೆಯ ಕುಂಬಳೆಯಿರಲಿ, ಬದಿಯಡ್ಕವಿರಲಿ, ಮುಳ್ಳೇರಿಯವಿರಲಿ, ಕಥೆ ಒಂದೇ. ಊರಿಗೆ ಬಂದ ಗಲ್ಫಿನ ಭಾವ ಮಂಗಳೂರು ವಿಮಾನ ನಿಲ್ದಾಣಕ್ಕೆ ಹೊರಡುವ ಎರಡು ಗಂಟೆ ಮೊದಲು ಫೋನು ಚಾಚುತ್ತಾರೆ. ಫೈಲು ಅರ್ಧಕ್ಕೆ ಹೋಗಿ ನಿಲ್ಲುತ್ತದೆ.

ಆಗ ಸಿಟ್ಟಿನಲ್ಲಿ ಮೂರನೇ ಸಲ ಪೇಸ್ಟ್ ಒತ್ತುವುದರಿಂದ ಉಪಯೋಗವಿಲ್ಲ. ಎರಡು ಸಲ ಹಾಕಿ ನೋಡಿ, ಎರಡೂ ಸಲ ಎಷ್ಟು ಜಿಬಿಗೆ ನಿಂತಿತು ಎಂದು ಒಂದು ಚೀಟಿಯಲ್ಲಿ ಬರೆಯಿರಿ. ಎರಡು ಅಂಕಿಯೂ ಒಂದೇ ಆಗಿದ್ದರೆ ಎಲ್ಲೋ ಒಂದು ಮಿತಿಗೆ ಬಡಿಯುತ್ತಿದೆ: ಜಾಗ, ಕಾರ್ಡಿನ ಫಾರ್ಮ್ಯಾಟ್, ಅಥವಾ ಮೂಲ ಫೈಲೇ ಕೆಟ್ಟಿದೆ. ಅಂಕಿಗಳು ಬೇರೆ ಬೇರೆಯಾದರೆ ಸಂಪರ್ಕ ತಪ್ಪುತ್ತಿದೆ: ವಯರು, ಪೋರ್ಟು, ಕರೆಂಟು, ಕಂಪ್ಯೂಟರಿನ ನಿದ್ದೆ, ಬಿಸಿ. ಈ ಒಂದು ಚೀಟಿ ಅರ್ಧ ದಿನದ ಅಲೆದಾಟ ಉಳಿಸುತ್ತದೆ.

ಶುರುವಿಗೆ ಮೊದಲು ಒಂದೇ ಎಚ್ಚರಿಕೆ. ಕಟ್ ಮಾಡಬೇಡಿ, ಕಾಪಿಯನ್ನೇ ಮಾಡಿ. ಫೋನಿನಲ್ಲಿ ಪೂರ್ತಿ ಪ್ಲೇ ಆಗುವುದನ್ನು ಕಣ್ಣಾರೆ ಕಾಣುವವರೆಗೆ ಕಂಪ್ಯೂಟರಿನ ಪ್ರತಿಯನ್ನು ಮುಟ್ಟಬಾರದು.

ಫೋನು ಚಾರ್ಜ್ ಆಗುತ್ತದೆ, ಕಂಪ್ಯೂಟರಿನಲ್ಲಿ ಕಾಣುವುದೇ ಇಲ್ಲ

ಮೊದಲು ಫೋನಿನ ಲಾಕ್ ತೆರೆಯಿರಿ. ಮೇಲಿನಿಂದ ನೋಟಿಫಿಕೇಶನ್ ಎಳೆದರೆ ಯುಎಸ್‌ಬಿ ಬಗ್ಗೆ ಒಂದು ಸಾಲು ಇರುತ್ತದೆ. ಅದನ್ನು ಒತ್ತಿ, ‘ಚಾರ್ಜಿಂಗ್ ಮಾತ್ರ’ ಎಂದಿರುವುದನ್ನು ‘ಫೈಲ್ ಟ್ರಾನ್ಸ್‌ಫರ್’ ಮಾಡಿ. ಆಂಡ್ರಾಯ್ಡ್ ಸುರಕ್ಷತೆಗಾಗಿ ಪ್ರತಿ ಸಲವೂ ಚಾರ್ಜಿಂಗಿನಿಂದಲೇ ಶುರು ಮಾಡುತ್ತದೆ, ಅದು ದೋಷವಲ್ಲ. ಅಂಗಡಿಯವರು ಫೋನಿನ ಭಾಷೆಯನ್ನು ಮಲಯಾಳಂ ಮಾಡಿ ಕೊಟ್ಟಿದ್ದು, ಓದಲು ತಿಣುಕಾಡುವಂತಿದ್ದರೆ ಭಾಷೆಯನ್ನು ಮೊದಲು ಬದಲಿಸಿಕೊಳ್ಳಿ. ಅಂದಾಜಿನ ಮೇಲೆ ಮೆನು ಒತ್ತುವುದು ಬೇಡ.

ಯುಎಸ್‌ಬಿಯ ಸಾಲೇ ಬರದಿದ್ದರೆ ವಯರಿನ ಮೇಲೆ ಸಂಶಯ ಪಡಿ. ಸಾಮಾನ್ಯ ಯುಎಸ್‌ಬಿ 2.0 ವಯರಿನೊಳಗೆ ನಾಲ್ಕು ಎಳೆ ಇರುತ್ತವೆ. ಕೆಂಪು, ಕಪ್ಪು ಕರೆಂಟಿಗೆ. ಹಸಿರು, ಬಿಳಿ ಡೇಟಾಕ್ಕೆ. ಅಗ್ಗದ ಚಾರ್ಜಿಂಗ್ ವಯರುಗಳಲ್ಲಿ ಹಸಿರು ಬಿಳಿ ಎಳೆಗಳೇ ಇರುವುದಿಲ್ಲ, ಅಥವಾ ಬಗ್ಗಿ ಬಗ್ಗಿ ತುಂಡಾಗಿರುತ್ತವೆ. ಫೋನು ಚಾರ್ಜ್ ಆಗುವುದರಿಂದ ವಯರು ಸರಿಯಿದೆ ಎಂದು ಹೇಳಲಾಗದು. ಫೋನಿನ ಡಬ್ಬಿಯಲ್ಲೇ ಬಂದ ವಯರು ಇದ್ದರೆ ಅದನ್ನು ಹುಡುಕಿ ತೆಗೆಯಿರಿ. ಹೊಸದು ಕೊಳ್ಳುವುದಾದರೆ ಅಂಗಡಿಯಲ್ಲಿ ‘ಡೇಟಾ ಕೇಬಲ್’ ಎಂದೇ ಕೇಳಿ, ಒಂದು ಮೀಟರಿಗಿಂತ ಉದ್ದ ಬೇಡ.

ವಯರು ಬದಲಿಸಿದರೂ ಕಾಣದಿದ್ದರೆ ವಿಂಡೋಸಿನ ಡಿವೈಸ್ ಮ್ಯಾನೇಜರ್ ತೆರೆಯಿರಿ. ಹಳದಿ ಗುರುತು ಹೊತ್ತ ಹೆಸರು ಕಂಡರೆ ಅದರ ಮೇಲೆ ಬಲ ಕ್ಲಿಕ್ ಮಾಡಿ ಅನ್‌ಇನ್‌ಸ್ಟಾಲ್ ಕೊಡಿ, ಫೋನು ಬಿಡಿಸಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ ಮತ್ತೆ ಚುಚ್ಚಿ. ಡ್ರೈವರನ್ನು ವಿಂಡೋಸ್ ತಾನೇ ಹಾಕಿಕೊಳ್ಳುತ್ತದೆ. ‘ಎಲ್ಲಾ ಫೋನುಗಳಿಗೂ ಒಂದೇ ಡ್ರೈವರ್’ ಎಂದು ಜಾಲತಾಣಗಳಲ್ಲಿ ಸಿಗುವ ಫೈಲುಗಳ ತಂಟೆಗೆ ಹೋಗಬೇಡಿ. ಡ್ರೈವರಿನ ವೇಷದಲ್ಲಿ ಏನು ಬೇಕಾದರೂ ಒಳಗೆ ಬಂದೀತು.

ಕಾಣುತ್ತದೆ, ಆದರೆ ಫೋಲ್ಡರು ಖಾಲಿ ಅಥವಾ ತೆರೆಯಲು ಯುಗ ಬೇಕು

ಖಾಲಿ ಕಂಡರೆ ಬಹುಮಟ್ಟಿಗೆ ಫೋನು ಲಾಕ್ ಆಗಿದೆ ಎಂದರ್ಥ. ತೆರೆಯಲು ಹೊತ್ತಾಗುತ್ತಿದ್ದರೆ ಆ ಫೋಲ್ಡರಿನಲ್ಲಿ ಸಾವಿರಗಟ್ಟಲೆ ಸಣ್ಣ ಫೈಲುಗಳಿವೆ. ವಾಟ್ಸಾಪಿನ ಚಿತ್ರಗಳ ಫೋಲ್ಡರು ಇದಕ್ಕೆ ಪ್ರಸಿದ್ಧ. ವಿಡಿಯೋ ಹಾಕಲು ಅಲ್ಲಿಗೆ ಹೋಗುವ ಅಗತ್ಯವೇ ಇಲ್ಲ. ಮೂವೀಸ್ ಅಥವಾ ಡೌನ್‌ಲೋಡ್ ಫೋಲ್ಡರಿನೊಳಗೆ ಹೊಸದೊಂದು ಫೋಲ್ಡರು ಮಾಡಿ ಅದಕ್ಕೇ ಹಾಕಿ.

ಪ್ರತಿ ಸಲ ಬೇರೆ ಬೇರೆ ಕಡೆ ನಿಲ್ಲುತ್ತದೆ

ಇದು ಎಲ್ಲರಿಗೂ ಬರುವ ತೊಂದರೆ. ಮೊದಲ ಸಲ 6 ಜಿಬಿಗೆ, ಎರಡನೇ ಸಲ 19ಕ್ಕೆ, ಮೂರನೆಯದು ಒಂದಕ್ಕೇ ಕಾಲು ಮುರಿದುಕೊಳ್ಳುತ್ತದೆ. ‘ಡಿವೈಸ್ ಪ್ರತಿಕ್ರಿಯಿಸುತ್ತಿಲ್ಲ ಅಥವಾ ಸಂಪರ್ಕ ಕಡಿದಿದೆ’ ಎಂಬ ಅರ್ಥದ ಸಂದೇಶ ಬರುತ್ತದೆ.

ಇದಕ್ಕೆ ಹಿನ್ನೆಲೆ ಗೊತ್ತಿದ್ದರೆ ಒಳ್ಳೆಯದು. ಹಳೆಯ ಆಂಡ್ರಾಯ್ಡ್ ಫೋನುಗಳು ಕಂಪ್ಯೂಟರಿಗೆ ಪೆನ್‌ಡ್ರೈವಿನಂತೆಯೇ ಕಾಣುತ್ತಿದ್ದವು. 2011ರ ಆಂಡ್ರಾಯ್ಡ್ 3.0ರಿಂದ ಮುಂದೆ ಎಂಟಿಪಿ ಎಂಬ ವಿಧಾನ ಬಂತು. ಇದರಲ್ಲಿ ಕಂಪ್ಯೂಟರು ಫೋನಿನ ಸ್ಟೋರೇಜನ್ನು ನೇರ ಮುಟ್ಟುವುದಿಲ್ಲ. ಬಾಗಿಲಲ್ಲಿ ನಿಂತು ‘ಇದನ್ನು ಒಳಗಿಡಿ’ ಎನ್ನುತ್ತದೆ, ಫೋನು ತಾನೇ ಒಳಗಿಡುತ್ತದೆ. ಬಾಗಿಲು ಒಂದೇ, ಒಂದು ಸಲಕ್ಕೆ ಒಂದೇ ಕೆಲಸ. ನಡುವೆ ಸಂಪರ್ಕ ಒಂದು ಕ್ಷಣ ತಪ್ಪಿದರೂ ನಿಂತಲ್ಲಿಂದ ಮುಂದುವರಿಸುವ ವ್ಯವಸ್ಥೆ ಅಲ್ಲಿಲ್ಲ. 28ರಲ್ಲಿ 27 ಜಿಬಿ ಹೋಗಿದ್ದರೂ ಮತ್ತೆ ಮೊದಲಿನಿಂದಲೇ. ಸಣ್ಣ ಫೈಲಿಗೆ ಗೊತ್ತೇ ಆಗದ ವಯರಿನ ಸಡಿಲ ದೊಡ್ಡ ಫೈಲಿಗೆ ಮಾರಕವಾಗುವುದು ಈ ಕಾರಣಕ್ಕೆ.

ಹಾಗಾಗಿ ಕಿವಿಯಿಂದ ಪರೀಕ್ಷೆ ಶುರು ಮಾಡಿ. ಕಂಪ್ಯೂಟರಿನ ಸ್ಪೀಕರ್ ಏರಿಸಿಟ್ಟು ಕಾಪಿ ಹಾಕಿ. ಯುಎಸ್‌ಬಿ ಬಿಡಿಸಿದಾಗ, ಚುಚ್ಚಿದಾಗ ವಿಂಡೋಸ್ ಒಂದೊಂದು ಸದ್ದು ಮಾಡುತ್ತದಲ್ಲ, ಕಾಪಿ ನಿಲ್ಲುವ ಹೊತ್ತಿಗೆ ಆ ಸದ್ದು ಕೇಳಿತೇ? ಕೇಳಿದರೆ ಸಂಪರ್ಕ ನಿಜವಾಗಿಯೇ ಕಡಿದಿದೆ: ವಯರು, ಪೋರ್ಟು ಅಥವಾ ಕರೆಂಟು. ಸದ್ದೇ ಇಲ್ಲದೆ ಕಾಪಿ ಸುಮ್ಮನೆ ಮರಗಟ್ಟಿದರೆ ತೊಂದರೆ ಫೋನಿನ ಅಥವಾ ಕಂಪ್ಯೂಟರಿನ ತಂತ್ರಾಂಶದಲ್ಲಿ.

ಸದ್ದು ಕೇಳಿದವರು ಹೀಗೆ ಮುಂದುವರಿಯಿರಿ. ಒಂದೆರಡು ಜಿಬಿಯ ಫೈಲೊಂದನ್ನು ಕಾಪಿಗೆ ಹಾಕಿ, ಫೋನಿನ ಬಳಿ ಪ್ಲಗ್ಗನ್ನು ಬೆರಳಿನಿಂದ ಅತ್ತಿತ್ತ ಮೆಲ್ಲಗೆ ಅಲುಗಿಸಿ. ಸದ್ದು ಬಂದು ನಿಂತರೆ ಸಡಿಲ ಆ ತುದಿಯಲ್ಲಿದೆ. ಆಮೇಲೆ ಕಂಪ್ಯೂಟರಿನ ತುದಿ ನೋಡಿ. ಡೆಸ್ಕ್‌ಟಾಪ್ ಆದರೆ ಎದುರಿನ ಪೋರ್ಟು ಬಿಟ್ಟು ಹಿಂದಿನದಕ್ಕೆ ಚುಚ್ಚಿ. ಎದುರಿನದು ಡಬ್ಬದೊಳಗೆ ಇನ್ನೊಂದು ವಯರಿನ ಮೂಲಕ ಮದರ್‌ಬೋರ್ಡಿಗೆ ಹೋಗುತ್ತದೆ, ಹಿಂದಿನದು ಬೋರ್ಡಿನಲ್ಲೇ ಇದೆ. ನಡುವೆ ಹಬ್ ಇದ್ದರೆ ತೆಗೆದುಬಿಡಿ.

ಟೈಪ್-ಸಿ ಪ್ಲಗ್ ಒಳಗೆ ಹೋದಾಗ ‘ಕಟ್’ ಎಂದು ಕೂರಬೇಕು, ಅಂಚಿನಲ್ಲಿ ಸಂದು ಉಳಿಯಬಾರದು. ಉಳಿದರೆ ಅಂಗಿಯ ಕಿಸೆಯ ನೂಲು, ಧೂಳು ತಳದಲ್ಲಿ ಅದುಮಿ ಕೂತಿದೆ. ಫೋನನ್ನು ಪೂರ್ತಿ ಆಫ್ ಮಾಡಿ, ತೆಳ್ಳಗಿನ ಮರದ ಹಲ್ಲುಕಡ್ಡಿಯಿಂದ ಗೋಡೆಯ ಬದಿಗೆ ತಾಗಿಸಿಕೊಂಡು ಮೆತ್ತಗೆ ಹೊರಗೆಳೆಯಿರಿ. ನಡುವೆ ನಾಲಗೆಯಂತೆ ಇರುವ ತಟ್ಟೆಯನ್ನು ಮುಟ್ಟಬೇಡಿ, ಅದು ಬಾಗಿದರೆ ಪೋರ್ಟೇ ಹೋಯಿತು. ಹಿಡಿಸೂಡಿ ಕಡ್ಡಿ ಕೈಗೆ ಸಿಗುತ್ತದೆಂದು ಅದನ್ನು ಹಾಕಬೇಡಿ. ತುದಿ ಒಳಗೇ ಮುರಿದು ಕೂರುತ್ತದೆ. ಸೂಜಿ, ಪಿನ್ನು ಸುತರಾಂ ಬೇಡ. ಬಾಯಿಂದ ಊದಿದರೆ ಉಗುಳಿನ ತೇವ ಹೋಗುತ್ತದೆ.

ಮಳೆಗಾಲದಲ್ಲಿ ಫೋನೇ ‘ಪೋರ್ಟಿನಲ್ಲಿ ತೇವ ಇದೆ’ ಎಂದು ಎಚ್ಚರಿಸುವುದುಂಟು. ಅದನ್ನು ಹೇಗೋ ಮುಚ್ಚಿಸಿ ಕೆಲಸ ಮುಂದುವರಿಸಬೇಡಿ. ಪೋರ್ಟು ಕೆಳಮುಖ ಮಾಡಿ ಫ್ಯಾನಿನ ಗಾಳಿಗೆ ಕೆಲವು ಗಂಟೆ ಇಡಿ. ಅಕ್ಕಿಯಲ್ಲಿ ಹೂಳುವ ಮನೆಮದ್ದು ಪ್ರಯೋಜನಕ್ಕಿಲ್ಲ, ಅಕ್ಕಿಯ ಹುಡಿ ಒಳಗೆ ಸೇರುವುದು ಬೇರೆ. ಕಡಲ ಬದಿಯ ಮನೆಗಳಲ್ಲಿ ಉಪ್ಪು ಗಾಳಿಗೆ ಪೋರ್ಟಿನ ಪಿನ್ನುಗಳು ಹಸಿರುಗಟ್ಟಿದ್ದರೆ ಮನೆಯಲ್ಲಿ ಉಜ್ಜಬೇಡಿ, ಅದು ರಿಪೇರಿಯವರ ಕೆಲಸ.

ಇನ್ನು ಕರೆಂಟು. ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿನಲ್ಲಿ ಅರ್ಧ ಗಂಟೆಯ ಕಾಪಿ ಎಂದರೆ ಜೂಜು. ಲ್ಯಾಪ್‌ಟಾಪ್ ಇದ್ದರೆ ಅದರಲ್ಲೇ ಮಾಡಿ. ಗುಡುಗು ಶುರುವಾಗಿದ್ದರೆ, ಅಂದರೆ ಮೇ ತಿಂಗಳ ಸಂಜೆ ಅಥವಾ ತುಲಾ ಮಾಸದ ಮಧ್ಯಾಹ್ನದ ನಂತರ, ಚಾರ್ಜರನ್ನು ಗೋಡೆಯಿಂದ ಕಿತ್ತು ಬ್ಯಾಟರಿಯಲ್ಲಿ ನಡೆಸಿ, ಇಲ್ಲವೇ ಕೆಲಸವನ್ನೇ ಮುಂದೂಡಿ. ಸಿಡಿಲು ವಯರಿನ ಗುಂಟ ಬಂದರೆ ಫೋನು, ಕಂಪ್ಯೂಟರು ಎರಡೂ ಹೋಗುತ್ತವೆ.

ಡೆಸ್ಕ್‌ಟಾಪಿನ ತಗಡಿನ ಡಬ್ಬ ಮುಟ್ಟಿದಾಗ, ಅಥವಾ ಚುಚ್ಚಿದ ಫೋನಿನ ಲೋಹದ ಅಂಚು ಸವರಿದಾಗ ಜುಮ್ ಎನ್ನುತ್ತದೆಯೇ? ಅಲ್ಲಿಗೆ ನಿಲ್ಲಿಸಿ. ಸಾಕೆಟಿಗೆ ಅರ್ತ್ ಸರಿಯಾಗಿ ಇಲ್ಲ. ಎಲೆಕ್ಟ್ರೀಷಿಯನ್ ಬಂದು ಅರ್ತ್ ನೋಡುವವರೆಗೆ ಆ ಕಂಪ್ಯೂಟರಿಗೆ ಫೋನು ಚುಚ್ಚುವುದು ಬೇಡ. ಹಳೆಯ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇದ್ದೂ ಹಿಂದೆ ಎರಡೇ ವಯರು ಇರುವುದು ಅಪರೂಪವೇನಲ್ಲ.

ಸದ್ದಿಲ್ಲದೆ ನಿಲ್ಲುವವರ ಪಟ್ಟಿ ಬೇರೆ. ಕಂಪ್ಯೂಟರು ನಿದ್ದೆಗೆ ಜಾರುತ್ತಿರಬಹುದು: ಪವರ್ ಸೆಟ್ಟಿಂಗಿನಲ್ಲಿ ಸ್ಲೀಪನ್ನು ‘ನೆವರ್’ ಮಾಡಿ, ಕೆಲಸ ಮುಗಿದ ಮೇಲೆ ಹಿಂದಕ್ಕೆ ತಿರುಗಿಸಿ. ಯುಎಸ್‌ಬಿಗೆ ಬೇರೆಯೇ ನಿದ್ದೆಯಿದೆ. ಡಿವೈಸ್ ಮ್ಯಾನೇಜರಿನಲ್ಲಿ ಯುಎಸ್‌ಬಿ ರೂಟ್ ಹಬ್ ತೆರೆದು, ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ ‘ವಿದ್ಯುತ್ ಉಳಿಸಲು ಇದನ್ನು ಆಫ್ ಮಾಡಬಹುದು’ ಎಂಬ ಅರ್ಥದ ಟಿಕ್ ತೆಗೆಯಿರಿ. ಕಾಪಿ ನಡೆಯುವಾಗ ಕಂಪ್ಯೂಟರಿನಿಂದ ಫೋನಿನ ಬೇರೆ ಫೋಲ್ಡರುಗಳನ್ನು ತೆರೆದು ನೋಡಬೇಡಿ. ಬಾಗಿಲು ಒಂದೇ ಎಂದು ಆಗಲೇ ಹೇಳಿದೆನಲ್ಲ, ನೀವು ನಡುವೆ ನುಗ್ಗಿದರೆ ಒಳಗೆ ಹೋಗುತ್ತಿರುವುದು ಸಿಕ್ಕಿಹಾಕಿಕೊಳ್ಳುತ್ತದೆ.

ಬಿಸಿಯನ್ನೂ ಮರೆಯಬಾರದು. ಫೋನು ಒಂದೇ ವಯರಿನಲ್ಲಿ ಚಾರ್ಜೂ ಆಗುತ್ತಿದೆ, ಬರೆಯುತ್ತಲೂ ಇದೆ. ಕವರ್ ತೆಗೆದು ಮೇಜಿನ ಮೇಲಿಡಿ; ಹಾಸಿಗೆ, ದಿಂಬು ಬೇಡ. ಹಿಂಬದಿ ಉಬ್ಬಿದಂತೆ ಕಂಡರೆ, ಪರದೆ ಅಂಚಿನಲ್ಲಿ ಎದ್ದಿದ್ದರೆ ತಕ್ಷಣ ವಯರು ಬಿಡಿಸಿ ಆಫ್ ಮಾಡಿ. ಅದು ಬ್ಯಾಟರಿ. ಒತ್ತಿ ಕೂರಿಸಲು ಹೋಗಬಾರದು, ಚುಚ್ಚಬಾರದು, ಮತ್ತೆ ಚಾರ್ಜಿಗೂ ಹಾಕಬಾರದು.

ಪ್ರತಿ ಸಲ ಒಂದೇ ಕಡೆ ನಿಲ್ಲುತ್ತದೆ

ಫೈಲು 4 ಜಿಬಿಗಿಂತ ದೊಡ್ಡದು, ಹೋಗುತ್ತಿರುವುದು ಮೆಮೊರಿ ಕಾರ್ಡಿಗೆ ಎಂದಾದರೆ ಉತ್ತರ ಬಹುಮಟ್ಟಿಗೆ ಸಿಕ್ಕಿದ ಹಾಗೆಯೇ. 32 ಜಿಬಿವರೆಗಿನ ಕಾರ್ಡುಗಳು ಸಾಮಾನ್ಯವಾಗಿ ಫ್ಯಾಟ್32 ಫಾರ್ಮ್ಯಾಟಿನಲ್ಲಿ ಬರುತ್ತವೆ. ಅದರಲ್ಲಿ ಒಂದು ಫೈಲಿನ ಗಾತ್ರ ಬರೆಯಲು ಇಟ್ಟ ಜಾಗ 32 ಬಿಟ್. ಹಾಗಾಗಿ 429 ಕೋಟಿ 49 ಲಕ್ಷ 67 ಸಾವಿರದ 295 ಬೈಟಿಗೆ ಅದರ ಲೆಕ್ಕ ಮುಗಿಯಿತು. ಕಾರ್ಡಿನಲ್ಲಿ 25 ಜಿಬಿ ಖಾಲಿ ಇದ್ದರೂ ಒಂದೇ ಫೈಲು ಇದನ್ನು ದಾಟುವಂತಿಲ್ಲ. ಮೇಲಿನ ದರದಲ್ಲಿ ಇದು ಸುಮಾರು 71 ನಿಮಿಷದ ವಿಡಿಯೋ. ಹಲವು ಕ್ಯಾಮೆರಾಗಳು ಆಟವನ್ನು ತುಂಡು ಮಾಡಿ ಇಟ್ಟುಕೊಳ್ಳುವುದರ ಗುಟ್ಟೂ ಇದೇ. ತುಂಡುಗಳನ್ನು ಜೋಡಿಸಿ ಒಂದು ಮಾಡಿದ್ದು ನಾವು.

ಇಲ್ಲೊಂದು ಮೋಸವಿದೆ. ಕಾರ್ಡನ್ನು ರೀಡರಿನಲ್ಲಿ ಹಾಕಿ ಕಾಪಿ ಮಾಡಿದರೆ ವಿಂಡೋಸ್ ‘ಈ ಫೈಲ್ ಇಲ್ಲಿಗೆ ತೀರಾ ದೊಡ್ಡದು’ ಎಂದು ಮೊದಲೇ ಹೇಳುತ್ತದೆ. ಫೋನಿನೊಳಗಿದ್ದಾಗ ಕಂಪ್ಯೂಟರಿಗೆ ಕಾರ್ಡಿನ ಫಾರ್ಮ್ಯಾಟೇ ತಿಳಿಯುವುದಿಲ್ಲ, ಹಾಗಾಗಿ ಕಾರಣ ಹೇಳದೆ ಬೇರೇನೋ ಸಂದೇಶ ಕೊಟ್ಟು ಕೈಬಿಡುತ್ತದೆ. ಆದ್ದರಿಂದ ಕಾರ್ಡನ್ನು ಫೋನಿನಿಂದ ‘ಇಜೆಕ್ಟ್’ ಮಾಡಿ ಹೊರತೆಗೆದು, ರೀಡರಿನಲ್ಲಿ ಹಾಕಿ, ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿ. ಫೈಲ್ ಸಿಸ್ಟಮ್ ಎಂಬಲ್ಲಿ ಫ್ಯಾಟ್32 ಎಂದಿದ್ದರೆ ದಾರಿ ಎರಡು: ಫೈಲನ್ನು ಫೋನಿನ ಒಳ ಸ್ಟೋರೇಜಿಗೇ ಹಾಕುವುದು, ಇಲ್ಲವೇ ಕಾರ್ಡನ್ನು ಈ ಮಿತಿಯಿಲ್ಲದ ಎಕ್ಸ್‌ಫ್ಯಾಟ್ ಎಂಬ ಫಾರ್ಮ್ಯಾಟಿಗೆ ಬದಲಿಸುವುದು. ಮೊದಲನೆಯದು ಪುಕ್ಕಟೆ, ಒಳಗೆ ಈ 4 ಜಿಬಿ ಗೋಡೆಯೂ ಇಲ್ಲ. ಎರಡನೆಯದು ಕಾರ್ಡಿನಲ್ಲಿದ್ದ ಎಲ್ಲವನ್ನೂ ಅಳಿಸುತ್ತದೆ, ಆದುದರಿಂದ ಫೋಟೋಗಳನ್ನು ಮೊದಲು ಬೇರೆಡೆ ಇಟ್ಟುಕೊಳ್ಳಿ. ಕೆಲವು ಹಳೆಯ ಫೋನುಗಳು ಎಕ್ಸ್‌ಫ್ಯಾಟ್ ಓದಲಾರವು. ಕಾರ್ಡ್ ಹಾಕಿದಾಗ ‘ಇದನ್ನು ಫಾರ್ಮ್ಯಾಟ್ ಮಾಡಲೇ’ ಎಂದು ಕೇಳಿದರೆ ಆ ಫೋನಿಗೆ ಅದು ಆಗದು. ಕಾರ್ಡನ್ನು ಫೋನಿನ ಒಳ ಸ್ಟೋರೇಜಿಗೆ ಬೆಸೆದುಕೊಂಡಿದ್ದರೆ (ಆಂಡ್ರಾಯ್ಡ್ 6ರಿಂದ ಈ ಸೌಲಭ್ಯ ಕೆಲವು ಫೋನುಗಳಲ್ಲಿದೆ) ಅದನ್ನು ಹೊರತೆಗೆಯಲೇಬೇಡಿ. ಅದರಲ್ಲಿರುವುದು ಆ ಫೋನಿಗೆ ಮಾತ್ರ ಬಿಡಿಸಲಾಗುವ ಗೂಢಲಿಪಿ.

ಪೆನ್‌ಡ್ರೈವಿಗೂ ಇದೇ ಮಾತು. ಒಟಿಜಿ (ಪೆನ್‌ಡ್ರೈವನ್ನು ಫೋನಿಗೆ ಚುಚ್ಚಲು ಬಳಸುವ ಅಡಾಪ್ಟರ್) ಹಾಕಿ ಪೆನ್‌ಡ್ರೈವಿನಿಂದ ಫೋನಿಗೆ ತರುವವರು ಅದು ಎಕ್ಸ್‌ಫ್ಯಾಟ್ ಆಗಿದೆಯೇ ನೋಡಿ. ವಿಂಡೋಸಿನ ಎನ್‌ಟಿಎಫ್‌ಎಸ್ ಫಾರ್ಮ್ಯಾಟ್ ಆಗಿದ್ದರೆ ಬಹಳಷ್ಟು ಫೋನುಗಳು ಗುರುತೇ ಹಿಡಿಯವು.

ಹೋಗುತ್ತಿರುವುದು ಒಳ ಸ್ಟೋರೇಜಿಗೇ, ಆದರೂ ಒಂದೇ ಕಡೆ ನಿಲ್ಲುತ್ತದೆ ಎಂದರೆ ಜಾಗ ನೋಡಿ. ಕೊನೆಯ ನೂರಾರು ಎಂಬಿಯನ್ನು ಆಂಡ್ರಾಯ್ಡ್ ತನಗೆಂದು ಕಾದಿಟ್ಟುಕೊಳ್ಳುತ್ತದೆ. ಫೈಲಿನ ಗಾತ್ರಕ್ಕಿಂತ ಕನಿಷ್ಠ 2 ಜಿಬಿ ಹೆಚ್ಚು ಖಾಲಿ ಇರಲಿ. ಹಿಂದಿನ ಸೋತ ಪ್ರಯತ್ನಗಳ ಅರ್ಧ ಫೈಲುಗಳು ಅಲ್ಲೇ ಕೂತು ಜಾಗ ತಿನ್ನುವುದುಂಟು. ಗಮ್ಯ ಫೋಲ್ಡರು ತೆರೆದು ಅಳಿಸಿ. ಗ್ಯಾಲರಿಯ ಕಸದ ಬುಟ್ಟಿಯನ್ನೂ ಖಾಲಿ ಮಾಡಿ, ಅಳಿಸಿದ್ದು ಸಾಮಾನ್ಯವಾಗಿ ಒಂದು ತಿಂಗಳಷ್ಟು ಕಾಲ ಅಲ್ಲೇ ಇರುತ್ತದೆ.

ಜಾಗವೂ ಇದೆ ಎಂದಾದರೆ ಮೂಲವನ್ನೇ ಪರೀಕ್ಷಿಸಿ. ಆ ಫೈಲನ್ನು ಫೋನಿನ ಗೊಡವೆಯಿಲ್ಲದೆ ಕಂಪ್ಯೂಟರಿನ ಇನ್ನೊಂದು ಫೋಲ್ಡರಿಗೆ ಕಾಪಿ ಮಾಡಿ. ಅಲ್ಲೂ ಅದೇ ಜಾಗದಲ್ಲಿ ನಿಂತರೆ, ‘ಸೈಕ್ಲಿಕ್ ರಿಡಂಡೆನ್ಸಿ’ ಎಂಬ ಪದ ಕಂಡರೆ, ಅಥವಾ ಹಾರ್ಡ್‌ಡಿಸ್ಕು ಟಕ್ ಟಕ್ ಎಂದರೆ ಫೋನಿನ ತಪ್ಪಲ್ಲ, ಡಿಸ್ಕು ಸಾಯುತ್ತಿದೆ. ಮತ್ತೆ ಮತ್ತೆ ಓದಿಸಿ ಅದರ ಉಳಿದ ಆಯುಷ್ಯ ಮುಗಿಸಬೇಡಿ. ರಿಪೇರಿ ಪ್ರೋಗ್ರಾಂ ಓಡಿಸುವುದೂ ಈಗ ಬೇಡ. ಅಗತ್ಯವಾದದ್ದನ್ನು ಮೊದಲು ಬೇರೆ ಡಿಸ್ಕಿಗೆ ಎತ್ತಿಕೊಳ್ಳಿ. ಅದೊಂದೇ ಪ್ರತಿಯಾಗಿದ್ದರೆ ಆಫ್ ಮಾಡಿ, ಡೇಟಾ ತೆಗೆದುಕೊಡುವವರ ಕೈಗೆ ಒಪ್ಪಿಸಿ.

ಕೊನೆಯದು ಖೋಟಾ ಕಾರ್ಡ್. ಹೊರಗೆ 128 ಜಿಬಿ ಎಂದು ಬರೆದು ಒಳಗೆ 16 ಇರುತ್ತದೆ. 16 ತುಂಬುವವರೆಗೆ ಎಲ್ಲ ಸರಿ, ಆಮೇಲೆ ಕಾಪಿ ನಿಲ್ಲುತ್ತದೆ, ಅಥವಾ ಇನ್ನೂ ಕೆಟ್ಟದಾಗಿ, ಮುಗಿದಂತೆ ತೋರಿಸಿ ಹಳೆಯದರ ಮೇಲೆಯೇ ಬರೆಯುತ್ತದೆ. ಹಳೆಯ ಫೋಟೋಗಳು ಅರ್ಧ ಬೂದು ಬಣ್ಣಕ್ಕೆ ತಿರುಗಿದ್ದರೆ ಇದೇ ಲಕ್ಷಣ. ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಪುಕ್ಕಟೆ ಪ್ರೋಗ್ರಾಂ ಕಾರ್ಡಿಡೀ ಬರೆದು, ತಿರುಗಿ ಓದಿ ನಿಜ ಗಾತ್ರ ಹೇಳುತ್ತದೆ. ಗಂಟೆಗಟ್ಟಲೆ ಹಿಡಿಯುತ್ತದೆ, ಇರಲಿ. ಮೊದಲು ಕಾರ್ಡು ಖಾಲಿ ಮಾಡಿಕೊಳ್ಳಿ.

ಒಂದೇ ಒಂದು ಫೈಲು ಮಾತ್ರ ಶುರುವಿಗೇ ಬೇಡ ಎನ್ನುತ್ತದೆ

ಉಳಿದವೆಲ್ಲ ಹೋಗಿ ಇದೊಂದು ಹೋಗದಿದ್ದರೆ ಹೆಸರು ನೋಡಿ. ಕನ್ನಡದಲ್ಲಿ ಹೆಸರಿಡುವ ನಮಗೆ ಇದು ವಿಶೇಷವಾಗಿ ಕಾಡುತ್ತದೆ. ಫೋನಿನ ಒಳ ಸ್ಟೋರೇಜಿನಲ್ಲಿ ಫೈಲಿನ ಹೆಸರಿಗೆ 255 ಬೈಟ್ ಮಿತಿ. ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟ್, ಕನ್ನಡದ ಒಂದೊಂದು ಸಂಕೇತಕ್ಕೂ ಮೂರು. ಗುಣಿತದ ಚಿಹ್ನೆ, ವಿರಾಮದ ಗುರುತು (‘ಕ್’ ಎಂದು ಬರೆಯುವಾಗ ಹಾಕುವ ಅರ್ಧಾಕ್ಷರದ ಚಿಹ್ನೆ), ಒತ್ತು ಎಲ್ಲವೂ ಬೇರೆ ಬೇರೆ ಲೆಕ್ಕ. ‘ಯಕ್ಷಗಾನ’ ಕಣ್ಣಿಗೆ ನಾಲ್ಕಕ್ಷರ. ಒಳಗೆ ಯ, ಕ, ವಿರಾಮ, ಷ, ಗ, ದೀರ್ಘ, ನ ಎಂದು ಏಳು ಸಂಕೇತ, 21 ಬೈಟ್. ಹೀಗೆ ಒಟ್ಟು 85 ಸಂಕೇತಕ್ಕೆ ಮಿತಿ ಮುಗಿಯುತ್ತದೆ. ವಿಂಡೋಸಿನ ಲೆಕ್ಕ ಬೇರೆ, ಅಲ್ಲಿ 255 ಸಂಕೇತದವರೆಗೂ ಹೆಸರು ನಡೆಯುತ್ತದೆ. ಹಾಗಾಗಿ ಪ್ರಸಂಗದ ಹೆಸರು, ಮೇಳ, ಭಾಗವತರು, ಸೇವಾಕರ್ತರು, ಸ್ಥಳ, ತಾರೀಕು ಎಲ್ಲ ಸೇರಿಸಿ ಕರಪತ್ರದಷ್ಟು ಉದ್ದ ಇಟ್ಟ ಹೆಸರು ಕಂಪ್ಯೂಟರಿನಲ್ಲಿ ಸುಖವಾಗಿದ್ದು ಫೋನಿನ ಬಾಗಿಲಲ್ಲಿ ಸಿಕ್ಕಿಬೀಳುತ್ತದೆ. ‘ಬದಿಯಡ್ಕ ಆಟ 1’ ಎಂದು ಕಿರಿದು ಮಾಡಿ ನೋಡಿ, ತಟ್ಟನೆ ಹೋಗುತ್ತದೆ.

ಕೇರಳದ ಶಾಲೆಗಳ ಕಂಪ್ಯೂಟರುಗಳಲ್ಲಿ ವಿಂಡೋಸ್ ಬದಲು ಇರುವುದು ಕೈಟ್ ಗ್ನೂ ಲಿನಕ್ಸ್. ಲಿನಕ್ಸಿನಲ್ಲಿ ಹೆಸರಿನೊಳಗೆ ‘9:30’ ಎಂದು ಕೋಲನ್ ಹಾಕಿದರೂ ನಡೆಯುತ್ತದೆ, ಫೋನಿಗೆ ಅದು ಆಗದು. ವಾರ್ಷಿಕೋತ್ಸವದ ವಿಡಿಯೋ ಶಾಲೆಯ ಕಂಪ್ಯೂಟರಿನಿಂದ ಹೋಗದೆ ಇದ್ದರೆ ಕೋಲನ್, ಪ್ರಶ್ನಾರ್ಥಕ, ನಕ್ಷತ್ರ, ಉದ್ಧರಣ ಚಿಹ್ನೆ ಇದೆಯೇ ಎಂದು ಮೊದಲು ಹುಡುಕಿ.

‘ನಿಮ್ಮ ಸಾಧನದಲ್ಲಿ ಈ ಫೈಲ್ ಪ್ಲೇ ಆಗದಿರಬಹುದು’ ಎಂದು ವಿಂಡೋಸ್ ಕೇಳುವುದು ಬರೀ ಅನುಮಾನ. ಹೌದು, ಕಾಪಿ ಮಾಡು ಎನ್ನಿ.

99ಕ್ಕೆ ಬಂದು ನಿಂತಿದೆ

ಕಾಯಿರಿ. ಕಂಪ್ಯೂಟರು ಕಳಿಸಿ ಮುಗಿಸಿದೆ, ಫೋನು ಇನ್ನೂ ಒಳಗಿಡುತ್ತಿದೆ. ನಿಧಾನದ ಕಾರ್ಡಿಗೆ ಐದರಿಂದ ಹತ್ತು ನಿಮಿಷ ಹಿಡಿಯಬಹುದು. ಒಟ್ಟು ಹೊತ್ತಿನ ಅಂದಾಜು ಇಟ್ಟುಕೊಳ್ಳಿ: ಯುಎಸ್‌ಬಿ 2.0 ಫೋನಿಗೆ ಸೆಕೆಂಡಿಗೆ 30 ಎಂಬಿ ಸಿಕ್ಕಿದರೆ 28.8 ಜಿಬಿಗೆ 16 ನಿಮಿಷ, ಕ್ಲಾಸ್ 10 ಕಾರ್ಡಿನ ಕನಿಷ್ಠ ವೇಗ 10 ಎಂಬಿಯಲ್ಲಿ 48 ನಿಮಿಷ. ಬಾಯಿ ಟೈಪ್-ಸಿ ಆದ ಮಾತ್ರಕ್ಕೆ ವೇಗ ಹೆಚ್ಚಲ್ಲ, ಅಗ್ಗದ ಫೋನುಗಳಲ್ಲಿ ಅದರ ಹಿಂದೆ ಇರುವುದು 2.0 ಯೇ. 99ರಲ್ಲಿ ನಿಂತಿರುವಾಗ ವಯರು ಎಳೆದರೆ ಕಾರ್ಡಿನ ಫೈಲುಗಳ ಪಟ್ಟಿಯೇ ಕೆಟ್ಟು ಹಳೆಯ ಫೋಟೋಗಳಿಗೂ ಸಂಚಕಾರ ಬರಬಹುದು.

ಪೂರ್ತಿ ಹೋಯಿತು, ಪ್ಲೇ ಆಗುವುದಿಲ್ಲ

ಎರಡೂ ಕಡೆ ಗಾತ್ರವನ್ನು ಬೈಟಿನಲ್ಲಿ ಹೋಲಿಸಿ, ಜಿಬಿಯಲ್ಲಿ ಅಲ್ಲ. ಒಂದು ಬೈಟ್ ವ್ಯತ್ಯಾಸವಿದ್ದರೂ ಪೂರ್ತಿ ಹೋಗಿಲ್ಲ. ಎಂಪಿ4 ಫೈಲಿನಲ್ಲಿ ಯಾವ ದೃಶ್ಯ ಎಲ್ಲಿದೆ ಎಂಬ ಪರಿವಿಡಿ ಬಹಳ ಸಲ ಕೊನೆಯಲ್ಲಿ ಇರುತ್ತದೆ. ಬಾಲ ತುಂಡಾದರೆ ಮೊದಲ ಏಳು ಗಂಟೆ ಸರಿಯಿದ್ದರೂ ಪ್ಲೇಯರಿಗೆ ಅದು ಬರೀ ಮುದ್ದೆ. ಎಂಕೆವಿ ಆದರೆ ಹೋದಷ್ಟಾದರೂ ಕಾಣುತ್ತದೆ.

ಬೈಟ್ ಸಮ ಇದ್ದರೆ ಸಾಗಣೆ ಸರಿಯಾಗಿದೆ. ವಿಎಲ್‌ಸಿ ಎಂಬ ಪ್ಲೇಯರ್ ಆ್ಯಪ್ ಹಾಕಿ ತೆರೆಯಿರಿ. ಅದರಲ್ಲೂ ಧ್ವನಿ ಮಾತ್ರ ಬಂದು ಚಿತ್ರ ಬರದಿದ್ದರೆ ಅಥವಾ ಕುಕ್ಕುತ್ತ ಓಡಿದರೆ ಫೋನಿಗೆ ಆ ಎನ್‌ಕೋಡಿಂಗ್ (ವಿಡಿಯೋವನ್ನು ಅಡಕ ಮಾಡಿದ ವಿಧಾನ) ಹೊರಲಾಗುತ್ತಿಲ್ಲ. ಸ್ಟುಡಿಯೋದವರಿಂದ ಎಚ್264 ಎಂಬ ಎನ್‌ಕೋಡಿಂಗಿನ ಪ್ರತಿ ಕೇಳಿ ಪಡೆಯಿರಿ.

ಇಷ್ಟೆಲ್ಲ ಮಾಡಿಯೂ ಹೋಗದಿದ್ದರೆ

ಮೊದಲ ದಾರಿ, ತುಂಡು ಮಾಡುವುದು. ಆಟದ ವಿಡಿಯೋಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಎಂಟು ಗಂಟೆಯನ್ನು ಒಂದೇ ಉಸಿರಿಗೆ ಫೋನಿನಲ್ಲಿ ನೋಡುವವರು ಯಾರು? ಲಾಸ್‌ಲೆಸ್‌ಕಟ್ ಎಂಬ ಪುಕ್ಕಟೆ ಪ್ರೋಗ್ರಾಂ ಮರು ಎನ್‌ಕೋಡ್ ಮಾಡದೆ, ಗುಣಮಟ್ಟ ಇಳಿಸದೆ ಕತ್ತರಿಸಿ ಕೊಡುತ್ತದೆ. ಪೂರ್ವರಂಗ ಒಂದು, ಆಮೇಲೆ ಪ್ರಸಂಗವನ್ನು ಗಂಟೆಗೊಂದರಂತೆ. ಪ್ರತಿ ತುಂಡೂ ತಾನೇ ಪ್ಲೇ ಆಗುತ್ತದೆ, 4 ಜಿಬಿ ಗೋಡೆಯೂ ಎದುರಾಗದು, ಒಂದು ಸೋತರೆ ಅದೊಂದನ್ನೇ ಮತ್ತೆ ಹಾಕಿದರಾಯಿತು. ವಿಡಿಯೋ ಅಲ್ಲದ ದೊಡ್ಡ ಫೈಲಿಗೆ ಸೆವೆನ್‌ಜಿಪ್ ಎಂಬ ಪ್ರೋಗ್ರಾಂನಲ್ಲಿ ‘ಸ್ಟೋರ್’ ಆಯ್ದು 2000 ಎಂಬಿಯ ತುಂಡುಗಳಾಗಿ ಒಡೆಯಿರಿ. ಫೋನಿನಲ್ಲಿ ಜೋಡಿಸುವಾಗ ಎರಡು ಪಟ್ಟು ಜಾಗ ಬೇಕು.

ಎರಡನೆಯದು ವೈಫೈ. ಹಲವು ಫೈಲ್ ಮ್ಯಾನೇಜರ್ ಆ್ಯಪ್‌ಗಳಲ್ಲಿ ಎಫ್‌ಟಿಪಿ ಸರ್ವರ್, ಅಂದರೆ ವಯರಿಲ್ಲದೆ ಫೈಲು ಪಡೆಯುವ ಸೌಲಭ್ಯ, ಇರುತ್ತದೆ. ಅದನ್ನು ಶುರು ಮಾಡಿ, ಅದು ತೋರಿಸುವ ವಿಳಾಸವನ್ನು ಕಂಪ್ಯೂಟರಿನಲ್ಲಿ ಫೈಲ್‌ಜಿಲ್ಲಾ ಎಂಬ ಪ್ರೋಗ್ರಾಂಗೆ ಹಾಕಿದರೆ ಸಾಗಣೆ ನಡೆಯುತ್ತದೆ. ಸರ್ವರ್ ಒಪ್ಪಿದರೆ ಕಡಿದಲ್ಲಿಂದ ಮುಂದುವರಿಯುತ್ತದೆ, ಎಂಟಿಪಿಗೆ ಇಲ್ಲದ ಗುಣ ಇದು. ಮುರಕಲ್ಲಿನ ದಪ್ಪ ಗೋಡೆಯ ಮನೆಗಳಲ್ಲಿ 5 ಗಿಗಾಹರ್ಟ್ಸ್ ಒಂದು ಕೋಣೆ ದಾಟುವುದೇ ಕಷ್ಟ, ಹಾಗಾಗಿ ರೂಟರ್ ಇರುವ ಕೋಣೆಯಲ್ಲೇ ಕೂತು ಮಾಡಿ. ಆ ಆ್ಯಪಿಗೆ ಬ್ಯಾಟರಿ ನಿರ್ಬಂಧ ತೆಗೆಯಿರಿ, ಇಲ್ಲವಾದರೆ ಪರದೆ ಆರಿದ ಮೇಲೆ ಆಂಡ್ರಾಯ್ಡ್ ಅದನ್ನು ನಿಲ್ಲಿಸಿಬಿಡಬಹುದು. ಎಫ್‌ಟಿಪಿಗೆ ಗುಟ್ಟು ಕಾಯಲು ಬಾರದು. ಮನೆಯ ವೈಫೈ ಬಿಟ್ಟು ಲಾಡ್ಜು, ಬಸ್‌ಸ್ಟ್ಯಾಂಡುಗಳ ವೈಫೈಯಲ್ಲಿ ಬೇಡ. ವಾಟ್ಸಾಪನ್ನು ನೆಚ್ಚಬೇಡಿ, ಡಾಕ್ಯುಮೆಂಟ್ ಎಂದು ಕಳಿಸಿದರೂ 2 ಜಿಬಿಗೆ ಮುಗಿಯುತ್ತದೆ.

ಮೂರನೆಯದು ಎಡಿಬಿ, ಅಂದರೆ ಕಂಪ್ಯೂಟರಿನಲ್ಲಿ ಆದೇಶ ಟೈಪ್ ಮಾಡಿ ಫೋನಿನಿಂದ ಕೆಲಸ ಮಾಡಿಸುವ ಪ್ರೋಗ್ರಾಂ, ಅನುಭವ ಇದ್ದವರಿಗೆ ಮಾತ್ರ. ಬಿಲ್ಡ್ ನಂಬರನ್ನು ಏಳು ಸಲ ಒತ್ತಿ ಡೆವಲಪರ್ ಆಯ್ಕೆ ತೆರೆದು, ಯುಎಸ್‌ಬಿ ಡಿಬಗ್ಗಿಂಗ್ ಆನ್ ಮಾಡಿ, ಪುಶ್ ಆದೇಶದಿಂದ ಕಳಿಸುವುದು. ಎಂಟಿಪಿ ಮರಗಟ್ಟುವ ಕಡೆಯೂ ಇದು ಸಾಗುತ್ತದೆ, ಆದರೆ ಸಡಿಲ ವಯರಿಗೆ ಇದೂ ಮದ್ದಲ್ಲ. ಮುಗಿದೊಡನೆ ಡಿಬಗ್ಗಿಂಗ್ ಆಫ್ ಮಾಡಿ. ಕೆಲವು ಬ್ಯಾಂಕ್ ಆ್ಯಪ್‌ಗಳು ಅದು ಆನ್ ಇರುವಾಗ ತೆರೆಯುವುದೇ ಇಲ್ಲ.

ಅಂಗಡಿಗೆ ಯಾವಾಗ

ಎರಡು ಒಳ್ಳೆಯ ವಯರು, ಎರಡು ಬೇರೆ ಕಂಪ್ಯೂಟರು ಹಾಕಿಯೂ ಸಂಪರ್ಕ ಕಡಿಯುತ್ತಿದ್ದರೆ, ಚಾರ್ಜೂ ಪ್ಲಗ್ ಓರೆ ಹಿಡಿದಾಗ ಮಾತ್ರ ಆಗುತ್ತಿದ್ದರೆ ಪೋರ್ಟು ಬದಲಿಸಬೇಕು. ಅನೇಕ ಫೋನುಗಳಲ್ಲಿ ಅದು ಪ್ರತ್ಯೇಕ ಸಣ್ಣ ಬೋರ್ಡು, ಬದಲಿಸುವುದು ದೊಡ್ಡ ಕೆಲಸವಲ್ಲ. ಮುಖ್ಯ ಬೋರ್ಡಿಗೇ ಬೆಸೆದಿದ್ದರೆ ಕೂಲಿ ಹೆಚ್ಚು. ಯಾವುದು ಎಂದು ಬಿಚ್ಚುವ ಮೊದಲೇ ಕೇಳಿ. ‘ಸಾಫ್ಟ್‌ವೇರ್ ಹಾಕಬೇಕು, ಎಲ್ಲ ಅಳಿಯುತ್ತದೆ’ ಎಂದರೆ ಕೂಡಲೇ ಒಪ್ಪಬೇಡಿ. ಓರೆ ಹಿಡಿದರೆ ಚಾರ್ಜ್ ಆಗುವ ಫೋನಿಗೆ ಸಾಫ್ಟ್‌ವೇರಿನಿಂದ ಏನೂ ಆಗಬೇಕಾದ್ದಿಲ್ಲ. ಪೋರ್ಟು ಬದಲಿಸಲು ಫೋನಿನ ಪಿನ್ ನಂಬರೂ ಬೇಡ. ಕೊಡುವ ಮೊದಲು ಸಿಮ್ಮು, ಕಾರ್ಡು ತೆಗೆದಿಟ್ಟುಕೊಳ್ಳಿ. ವಾಪಸು ತೆಗೆದುಕೊಳ್ಳುವಾಗ ಅಂಗಡಿಯ ಕಂಪ್ಯೂಟರಿನಿಂದಲೇ ಒಂದೆರಡು ಜಿಬಿಯ ಫೈಲು ಹಾಕಿಸಿ, ಪ್ಲಗ್ಗನ್ನು ಒಮ್ಮೆ ಅಲುಗಿಸಿ ನೋಡಿ, ಆಮೇಲೆ ದುಡ್ಡು ಕೊಡಿ.